ಮೂಡಲ ಕಡಲಲ್ಲಿ ಮುಳುಗಿದ ಸೂರ್ಯ

“ಸೂರ್ಯ ಮುಳುಗೋದು ಯಾವ ದಿಕ್ಕಿಗೆ ಮಾರಾಯ?”

ರಿಟೈರಾದ ಇನ್ಸ್‌ಪೆಕ್ಟರ್ ಶೇಷಪ್ಪನವರ ಈ ಪ್ರಶ್ನೆಗೆ ಮಹಾಬಲ ಕೂಡಲೇ ಬಾಯಿ ಬಿಡಲಿಲ್ಲ. ಒಂದನೇ ಕ್ಲಾಸಿನ ಮಕ್ಕಳಿಗೆ ಕೇಳುವುದನ್ನು ಪೊಲೀಸಿನವರು ಕೇಳಿದರೆ ಅದರ ಹಿಂದೆ ಏನೋ ಮಸಲತ್ತು ಇದ್ದೇ ಇರುತ್ತದೆ. ಹೊಸನಗರದ ಬಸ್‌ಸ್ಟ್ಯಾಂಡಿನ ಎದುರು, ಮಹಡಿಯ ಮೇಲೆ ಅವನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟು. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯರು ಸರ್ಕಾರಿ ನೌಕರಿಯ ಆಸೆಯಲ್ಲಿ ಟಕಟಕ ಬಡಿಯುತ್ತಿದ್ದರು. ಆ ಗದ್ದಲದಲ್ಲಿ ಕೇಳಿಸಲಿಲ್ಲ ಎಂದು ನಟಿಸಬಹುದಿತ್ತು. ಆದರೆ ಶೇಷಪ್ಪನವರ ಗಂಟಲು ಆ ಮಿಷನ್ನುಗಳಿಗಿಂತ ದೊಡ್ಡದು.

“ಪಡುವಲಿಗೆ ಸಾರ್.”

“ಭೇಷ್. ಕಡಲಿರೋದು?”

“ಅದೂ ಪಡುವಲಿಗೇ.”

“ನೋಡು, ಅಲ್ಲೇ ನೀನು ಸಿಕ್ಕಿಬಿದ್ದೆ.”

ಶೇಷಪ್ಪನವರು ಜೇಬಿನಿಂದ ಮಡಚಿದ ಪೇಪರೊಂದನ್ನು ತೆಗೆದು ಮೇಜಿನ ಮೇಲೆ ಹರವಿದರು. ಸಾಗರದಿಂದ ಹೊರಡುವ ‘ಘಟ್ಟವಾರ್ತೆ’ ವಾರಪತ್ರಿಕೆ. ಅದರ ನಾಲ್ಕನೇ ಪುಟದಲ್ಲಿ ಒಂದು ಸಾಲಿನ ಕೆಳಗೆ ದಪ್ಪಗೆ ಕೆಂಪು ಗೀಟು. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲ್ಲು ಅವರ ಕಿವಿಯ ಸಂದಿಯಲ್ಲಿ ಈಗಲೂ ಇತ್ತು. ಸರ್ವಿಸ್ಸಿನಲ್ಲಿದ್ದಾಗಿನ ಚಾಳಿ. ನಂಬುವಂಥದ್ದಕ್ಕೆ ನೀಲಿ, ನಂಬದಿರುವುದಕ್ಕೆ ಕೆಂಪು. ಪೆನ್ಷನ್ ಬಂದರೂ ಪೆನ್ಸಿಲ್ ಬಿಟ್ಟಿಲ್ಲ ಎಂದು ಅವರ ಹೆಂಡತಿ ಆಡಿಕೊಳ್ಳುವುದುಂಟು.

ವಿಷಯ ಇಷ್ಟೇ. ತೀರ್ಥಹಳ್ಳಿಯ ಸುಬ್ಬಕೃಷ್ಣ ಮೇಷ್ಟ್ರು ಗಣಪತಿ ಹಬ್ಬ ಮುಗಿಸಿಕೊಂಡು ಇಂಗ್ಲೆಂಡಿಗೆ ಹೋದವರು. ಅಲ್ಲಿನ ಹಳೆಯ ದಾರಿಗಳು, ಕಡಲಂಚಿನ ಊರುಗಳ ಮೇಲೆ ಅವರು ಬರೆಯುತ್ತಿದ್ದ ಪ್ರವಾಸಲೇಖನ ಈ ಪೇಪರಿನಲ್ಲಿ ವಾರವಾರವೂ ಬರುತ್ತಿತ್ತು. ಹೆಂಡತಿಗೆ ಮಾತ್ರ ಇವತ್ತಿನವರೆಗೆ ಒಂದು ಕಾರ್ಡಿಲ್ಲ. ಆ ಹೆಂಡತಿ, ಕಾಮಾಕ್ಷಮ್ಮ, ಶೇಷಪ್ಪನವರನ್ನು ಕರೆಸಿ ಒಂದೇ ಮಾತು ಕೇಳಿದ್ದರು.

“ಇದಾರೋ ಇಲ್ವೋ, ಅಷ್ಟು ತಿಳ್ಕೊಂಡು ಬನ್ನಿ. ದಿನಾ ಹಣೆಗೆ ಕುಂಕುಮ ಇಟ್ಕೋತಿದೀನಿ. ಅದು ಸುಳ್ಳಾಗಬಾರದು.”

ಅದಕ್ಕೇ ಶೇಷಪ್ಪನವರು ಈಗ ಮೇಷ್ಟ್ರ ತಂಗಿಯ ಮಗ ಮಹಾಬಲನ ಎದುರು ಕೂತದ್ದು. ಮೇಷ್ಟ್ರ ಲೇಖನಗಳೆಲ್ಲ ಮೊದಲು ಇವನ ಕೈಗೆ ಬಂದು, ಇವನ ಕೈಯಿಂದಲೇ ಪತ್ರಿಕೆಗೆ ಹೋಗುತ್ತಿದ್ದವು.

“ಓದು,” ಎಂದರು ಶೇಷಪ್ಪನವರು. “ಗಟ್ಟಿಯಾಗಿ ಓದು.”

ಮಹಾಬಲ ಓದಿದ. “‘ಡನ್‌ವಿಚ್ಚಿನ ದಂಡೆಯ ಮೇಲೆ ಕೂತು, ಸೂರ್ಯನು ಕೆಂಪು ತಟ್ಟೆಯಾಗಿ ಕಡಲಿನಲ್ಲಿ ಮುಳುಗುವುದನ್ನು ಕಣ್ತುಂಬ ನೋಡಿದೆ.’ ಇದ್ರಲ್ಲಿ ಎಂತ ಆಯ್ತು ಸಾರ್?”

“ಎಂತದೂ ಆಗಿಲ್ಲ. ನಾನೂ ನಾಲ್ಕು ಸಲ ಓದಿದೆ, ಎಂತದೂ ಆಗಲಿಲ್ಲ. ಪಕ್ಕದ್ಮನೆ ಮಕ್ಕಳ ಅಟ್ಲಾಸು ಇಸ್ಕೊಂಡು ಮೇಷ್ಟ್ರು ಎಲ್ಲಿದಾರೆ ಅಂತ ಹುಡುಕ್ತಾ ಕೂತೆ. ಆಗ ಆಯ್ತು. ಈ ಡನ್‌ವಿಚ್ಚು ಇರೋದು ಇಂಗ್ಲೆಂಡಿನ ಮೂಡಲ ದಂಡೇಲಿ. ಅಲ್ಲಿ ಕಡಲಿಂದ ಸೂರ್ಯ ಹುಟ್ತಾನೆ. ಮುಳುಗೋದು ಹಿಂದುಗಡೆ, ಹೊಲದ ಆಚೆ.”

ಮಹಾಬಲನ ಬಾಯಿ ಸ್ವಲ್ಪ ತೆರೆದುಕೊಂಡಿತು.

ಅವನದು ಹಾಗಿರಲಿ, ಅಚ್ಚಿನ ಮೊಳೆ ಜೋಡಿಸಿದವನಿಗೆ, ಪ್ರೂಫ್ ತಿದ್ದಿದವನಿಗೆ, ಸಂಪಾದಕರಿಗೆ, ಊರೂರಲ್ಲಿ ಹೋಟೆಲಿನ ಬೆಂಚಿನ ಮೇಲೆ ಕೂತು ಓದಿದ ಯಾರೊಬ್ಬರಿಗೂ ಇದು ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಆಗುಂಬೆಯಲ್ಲಿ ನಿಂತು ನೋಡಿದವನಿಗೆ, ಗೋಕರ್ಣದಲ್ಲಿ ಮಿಂದು ಬಂದವನಿಗೆ ಕಡಲೆಂದರೆ ಸೂರ್ಯ ಮುಳುಗುವ ಜಾಗ. ಅಜ್ಜನ ಕಾಲದಿಂದ ಹಾಗೇ ಇದೆ. ಇಂಗ್ಲೆಂಡಿನ ಕಡಲು ಬೇರೆ ದಿಕ್ಕಿನಲ್ಲಿರಬಹುದು ಎಂದು ಘಟ್ಟದ ಮೇಲಿನ ಯಾರಿಗೆ ತಾನೇ ಅನ್ನಿಸೀತು!

“ಮೇಷ್ಟ್ರು ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದೋರು,” ಶೇಷಪ್ಪನವರು ಧ್ವನಿ ತಗ್ಗಿಸಿದರು. “ಆ ದೇಶ ನೋಡೋ ಮುಂಚೆನೇ ಅಲ್ಲಿನ ಹಳೇ ದಾರಿ, ಹಳೇ ಸೇತುವೆ, ಹಳೇ ಸುಂಕದ ಕಟ್ಟೆ ಎಲ್ಲ ಬಾಯಿಪಾಠ. ಅಂಥೋರು ಈ ತಪ್ಪು ಮಾಡಲ್ಲ. ಮಾಡೋದು ಯಾರು? ಕಡಲು ಅಂದ್ರೆ ಹೊನ್ನಾವರ ಒಂದೇ ಅಂತ ತಿಳ್ಕೊಂಡೋನು. ಇದನ್ನ ಬರೆದದ್ದು ಮೇಷ್ಟ್ರಲ್ಲ ಮಹಾಬಲ. ನೀನು. ಈಗ ಹೇಳು, ನಿನ್ನ ಮಾವನ್ನ ಎಂತ ಮಾಡಿದ್ರಿ?”

ಟೈಪ್ ಮಾಡುತ್ತಿದ್ದ ಒಬ್ಬ ಹುಡುಗಿಯ ಕೈ ನಿಂತಿತು. ಆಮೇಲೆ ಇನ್ನೊಬ್ಬಳದು.

“ಹೊರಗೆ ಹೋಗ್ರಮ್ಮ ಸ್ವಲ್ಪ,” ಎಂದ ಮಹಾಬಲ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಟ್ಟಿಲಿಳಿದರು. ಅವರು ಕೆಳಗೆ ಮುಟ್ಟುವುದಕ್ಕೂ ಕಾಯದೆ ಮಹಾಬಲ ಅಳುವ ಧ್ವನಿ ತೆಗೆದ.

“ದೇವರಾಣೆ ಸಾರ್, ಎಂಗೆ ಎಂತೂ ಗೊತ್ತಿಲ್ಲೆ!”

ಹೆದರಿದಾಗ ಮನೆಮಾತು ತಾನಾಗಿ ಬರುತ್ತದೆ. ಶೇಷಪ್ಪನವರು ಅದನ್ನು ಗಮನಿಸಿದರು. ಸುಳ್ಳು ಹೇಳುವವನು ಸಾಮಾನ್ಯವಾಗಿ ಪುಸ್ತಕದ ಭಾಷೆಗೆ ಹೋಗುತ್ತಾನೆ ಎಂಬುದು ಅವರ ಅನುಭವ.

“ಗೊತ್ತಿರೋದನ್ನ ಹೇಳು. ಲೇಖನ ಅಂಚೇಲಿ ಬರುತ್ತೆ ಅಂತ ನಿಮ್ಮತ್ತೆಗೆ ಹೇಳಿದೀಯ. ಈಗ ಬರ್ತಾ ಪೋಸ್ಟಾಫೀಸಲ್ಲಿ ವಿಚಾರಿಸ್ದೆ. ಈ ಬೀದಿಗೆ ಫಾರಿನ್ ಕವರ್ ಬಂದೇ ಇಲ್ವಂತೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಮಹಾಬಲ ತನ್ನ ಅಂಗಿಯ ಜೇಬು ಮುಟ್ಟಿಕೊಂಡ. ಜೇಬಿನಲ್ಲಿ ಏನೂ ಇರಲಿಲ್ಲ, ಪಾಪ.

“ಅಂಚೇಲಿ ಬರೋದಲ್ಲ ಸಾರ್. ಗುತ್ಯಪ್ಪನೋರ ಡ್ರೈವರ್ ಬೆಳ್ಳಪ್ಪ ತಂದುಕೊಡ್ತಾನೆ.”

“ಗುತ್ಯಪ್ಪ? ಟಿಂಬರ್ ಗುತ್ಯಪ್ಪನಾ?”

“ಹೌದು. ಅವರೇ ಅಲ್ವಾ ಮಾವನ್ನ ಕಳಿಸಿದ್ದು. ಅಂಚೆ ನಂಬೋಕಾಗಲ್ಲ, ಬೊಂಬಾಯಿಲಿರೋ ನಮ್ಮ ಏಜೆಂಟ್ರ ಕೈಲಿ ತರಿಸ್ತೀನಿ, ಯಾರಿಗೂ ಹೇಳ್ಬೇಡ ಅಂದ್ರು.”

ಗುತ್ಯಪ್ಪನ ಹೆಸರು ಈ ಮೂರು ತಾಲೂಕಿನಲ್ಲಿ ಕೇಳದವರಿಲ್ಲ. ಸಾಗರದಲ್ಲಿ ಸಾಮಿಲ್ಲು, ಹೊಸನಗರದಲ್ಲಿ ಕಟ್ಟಡಗಳು, ಘಟ್ಟದ ಕೆಳಗೆ ಮರದ ಡಿಪೋ. ಮೇಷ್ಟ್ರ ಹಳೆಯ ವಿದ್ಯಾರ್ಥಿ. ‘ಗುರುದಕ್ಷಿಣೆ’ ಎಂದು ಹೇಳಿ ಮೇಷ್ಟ್ರ ಇಂಗ್ಲೆಂಡ್ ಯಾತ್ರೆಯ ಖರ್ಚೆಲ್ಲ ತಾನೇ ಹೊತ್ತಿದ್ದ. ತೀರ್ಥಹಳ್ಳಿಯಲ್ಲಿ ಬೀಳ್ಕೊಡುಗೆ ಸಭೆ ಮಾಡಿ, ಹಾರ ಹಾಕಿ, ತನ್ನ ಜೀಪಿನಲ್ಲೇ ಕೂರಿಸಿಕೊಂಡು ಬೊಂಬಾಯಿಗೆ ಹೊರಟಿದ್ದ. ಶಿಷ್ಯ ಅಂದರೆ ಹೀಗಿರಬೇಕು ಎಂದು ಊರೆಲ್ಲ ಹೊಗಳಿತ್ತು. ಮೇಷ್ಟ್ರು ವಿಮಾನ ಹತ್ತಿದ್ದನ್ನು ಕಣ್ಣಾರೆ ಕಂಡವನೂ ಅವನೊಬ್ಬನೇ.

“ಈ ಮಹಡಿ ಯಾರದ್ದು?” ಶೇಷಪ್ಪನವರು ಕೇಳಿದರು.

“ಅವರದ್ದೇ,” ಎಂದ ಮಹಾಬಲ, ನೆಲ ನೋಡಿಕೊಂಡು.

“ಹೂಂ. ಮಾವ ಬರೆದ ಹಾಳೆ ಎಲ್ಲಿವೆ? ಅವನ್ನ ತೋರಿಸು.”

“ಇಲ್ಲ ಸಾರ್. ಮಾವನ ಅಕ್ಷರ ಕೋಳಿ ಕೆದರಿದ ಹಾಗೆ. ಪ್ರೆಸ್ಸಿನೋರು ಮೊದಲಿಂದ್ಲೂ ಓದೋಕಾಗಲ್ಲ ಅಂತಿದ್ರು. ಅದಕ್ಕೇ ನಾನು ಚಂದ ಮಾಡಿ ಕಾಪಿ ತೆಗೆದು ಕೊಡೋದು. ನಾನು ಬರೆದು ಮುಗಿಸೋವರೆಗೆ ಬೆಳ್ಳಪ್ಪ ಅಲ್ಲೇ, ಆ ಬೆಂಚಿನ ಮೇಲೆ ಬೀಡಿ ಸೇದ್ತಾ ಕೂತಿರ್ತಾನೆ. ಮುಗಿದ ಮೇಲೆ ಹಾಳೆ ವಾಪಸ್ ತಗೊಂಡು ಹೋಗ್ತಾನೆ.”

“ನಿನಗೆ ವಿಚಿತ್ರ ಅನ್ನಿಸ್ಲಿಲ್ವಾ?”

“ಅನ್ನಿಸ್ತು.” ಮಹಾಬಲ ಮೂಗು ಒರೆಸಿಕೊಂಡ. “ಆದ್ರೆ ಕೇಳೋಕೆ ಧೈರ್ಯ ಬರ್ಲಿಲ್ಲ.”

ಇಷ್ಟು ಹೊತ್ತು ಬಾಗಿದ್ದ ತಲೆಯನ್ನು ಅವನು ಈಗ ಎತ್ತಿದ.

“ಆದ್ರೆ ಸಾರ್, ಒಂದಕ್ಷರ ನಾನು ಸೇರಿಸಿಲ್ಲ. ಆ ಸೂರ್ಯನ ಸಾಲಂತೂ ಮಾವನದ್ದೇ. ನನಗೆ ಚೆನ್ನಾಗಿ ನೆನಪಿದೆ. ಅದರ ಪಕ್ಕ, ಮಾರ್ಜಿನ್ನಲ್ಲಿ ಅವರು ಬರೆದಿದ್ರು. ‘ಈ ಒಂದು ಸಾಲು ಬಿಡಬೇಡ ಮಹಾಬಲ, ಕಾಮಾಕ್ಷಿಗೆ ಸಂತೋಷವಾಗುತ್ತದೆ’ ಅಂತ.”

ಶೇಷಪ್ಪನವರು ಕಿವಿಯಿಂದ ಪೆನ್ಸಿಲ್ ತೆಗೆದು, ಅದನ್ನೇ ನೋಡುತ್ತ ಕೂತರು. ಬೆಳಿಗ್ಗೆ ಸಾಗರದಲ್ಲಿ ಬಸ್ಸು ಹತ್ತುವಾಗ ಕೇಸು ಕೈಗೆ ಬಂತು ಎಂದುಕೊಂಡಿದ್ದರು. ಈಗ ನೋಡಿದರೆ ಕೈಯಲ್ಲಿ ಏನೂ ಇಲ್ಲ. ಇಂಗು ತಿಂದ ಮಂಗನ ಮುಖ ಹೇಗಿರುತ್ತದೆ ಎಂದು ತಿಳಿಯಬೇಕಿದ್ದವರು ಆ ಹೊತ್ತಿನಲ್ಲಿ ಅವರನ್ನು ನೋಡಬೇಕಿತ್ತು.

“ಈ ಮಾತು ನಿಮ್ಮತ್ತೆಗೆ ಹೇಳಿದ್ಯಾ?”

“ಇಲ್ಲ ಸಾರ್. ಅತ್ತೆ ಹೇಗೂ ಓದಿರ್ತಾರೆ ಅಂದ್ಕೊಂಡೆ.”

---

ತೀರ್ಥಹಳ್ಳಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಶೇಷಪ್ಪನವರಿಗೆ ಯೋಚಿಸಲು ಅದು ಸಾಕು.

ಮೇಷ್ಟ್ರು ಇಂಗ್ಲೆಂಡಿಗೆ ಹೋಗುವ ಮೊದಲು, ಮನೆಯಲ್ಲೇ ಕೂತು ಬರೆದ ಒಂದು ಲೇಖನ ಅವರಿಗೆ ನೆನಪಾಯಿತು. ಇಂಗ್ಲೆಂಡಿನಲ್ಲಿ ಹಳೆಯ ಕಾಲುದಾರಿಗಳ ಮೇಲೆ ಜನರಿಗೆ ಹಕ್ಕಿದೆ, ಜಮೀನು ಯಾರದ್ದಾದರೂ ದಾರಿ ಊರಿನದು, ಯಾರಾದರೂ ಬೇಲಿ ಹಾಕಿದರೆ ಊರಿನವರು ಒಟ್ಟಾಗಿ ನಡೆದು ಆ ಹಕ್ಕು ಉಳಿಸಿಕೊಳ್ಳುತ್ತಾರೆ ಎಂದು ಅದರಲ್ಲಿ ಬರೆದಿದ್ದರು. ಅಷ್ಟಕ್ಕೇ ಬಿಡದೆ, ‘ನಮ್ಮ ಹಳೇ ಮೆಣಸಿನ ದಾರಿಗೆ ಬೇಲಿ ಬಿದ್ದು ವರ್ಷವಾಯಿತು. ನಾವು ಯಾವಾಗ ನಡೆಯುವುದು?’ ಎಂದು ಕೊನೆಯಲ್ಲಿ ಕೇಳಿದ್ದರು.

ಮೆಣಸಿನ ದಾರಿಯೆಂದರೆ ಹೊಸನಗರದ ಆಚೆಯ ಕಾಡಿನಿಂದ ಘಟ್ಟ ಇಳಿಯುವ ಎತ್ತಿನ ದಾರಿ. ಹಿಂದೆ ಮೆಣಸಿನ ಹೇರು ಅದರಲ್ಲೇ ಇಳಿಯುತ್ತಿತ್ತು. ಅದಕ್ಕೆ ಬೇಲಿ ಹಾಕಿಸಿದವನು ಗುತ್ಯಪ್ಪ. ಬೇಲಿಯ ಒಳಗೆ ಒಳ್ಳೊಳ್ಳೆಯ ಮರಗಳಿದ್ದವು. ಹಳ್ಳಿಯವರು ಕೋರ್ಟಿಗೆ ಹೋದರು. ಆ ದಾರಿಯನ್ನು ಹುಡುಗನಾಗಿದ್ದಾಗಿನಿಂದ ನಡೆದು, ಪ್ರತಿ ಕಟ್ಟೆ, ಪ್ರತಿ ಕಲ್ಲು ಗೊತ್ತಿದ್ದ ಮುಖ್ಯ ಸಾಕ್ಷಿ ಸುಬ್ಬಕೃಷ್ಣ ಮೇಷ್ಟ್ರು. ಸಾಕ್ಷಿ ಫಾರಿನ್ನಿನಲ್ಲಿದ್ದಾರೆ ಎಂದು ವಾಯಿದೆಯ ಮೇಲೆ ವಾಯಿದೆ ಬಿದ್ದು, ಈಗ ಶಿವರಾತ್ರಿ ಕಳೆದ ಮೇಲೆ ಕೊನೆಯ ವಿಚಾರಣೆ. ಅವತ್ತು ಮೇಷ್ಟ್ರು ಕಟಕಟೆ ಹತ್ತದಿದ್ದರೆ ದಾರಿ ಗುತ್ಯಪ್ಪನದು.

ಊರೆಲ್ಲ ಗುರುದಕ್ಷಿಣೆ ಅಂದಿತ್ತು. ಒಳ್ಳೇ ದಕ್ಷಿಣೆ ಎಂದುಕೊಂಡರು ಶೇಷಪ್ಪನವರು. ಸೂರ್ಯನ ಸಾಲು ಮೇಷ್ಟ್ರದ್ದೇ ಆಗಿದ್ದರೆ, ಅಷ್ಟು ಓದಿದವರು ಯಾಕೆ ತಪ್ಪಾಗಿ ಬರೆದರು? ಬುದ್ಧಿ ಸ್ವಾಧೀನದಲ್ಲಿ ಇಲ್ಲವೇ? ಅದನ್ನೇ ಹೋಗಿ ಕಾಮಾಕ್ಷಮ್ಮನಿಗೆ ಹೇಳಬೇಕೇ?

---

ತುಂಗೆಯ ಸ್ನಾನಘಟ್ಟಕ್ಕೆ ಹೋಗುವ ಓಣಿಯಲ್ಲಿ ಮೇಷ್ಟ್ರ ಮನೆ. ಒಳಗೆ ಕಾಲಿಟ್ಟರೆ ಪುಸ್ತಕದ ಬೀರುಗಳು. ಗಡಿಯಾರದ ಪಕ್ಕದಲ್ಲಿ ದೇವರ ಪಟ ಇರಬೇಕಾದ ಜಾಗದಲ್ಲಿ ಇಂಗ್ಲೆಂಡಿನ ನಕಾಶೆ. ಕಾಮಾಕ್ಷಮ್ಮ ನೆಲದ ಮೇಲೆ ಕೂತು ಶಿವರಾತ್ರಿಗೆ ಹೂಬತ್ತಿ ಹೊಸೆಯುತ್ತಿದ್ದರು.

“ಎಂತ ಸುದ್ದಿ?” ಎಂದರು. ಕೈ ನಿಲ್ಲಲಿಲ್ಲ.

“ಸುದ್ದಿ ಅರ್ಧ ಇದೆ. ಮಿಕ್ಕರ್ಧ ನಿಮ್ಮ ಹತ್ರ ಇರಬೇಕು. ಎರಡು ವಾರದ ಹಿಂದಿನ ಪೇಪರ್ ಓದಿದ್ರಾ?”

“ಇಲ್ಲಪ್ಪ.”

“ಅದರ ಹಿಂದಿನದು? ಮುಂದಿನದು?”

“ಯಾವುದೂ ಇಲ್ಲ.”

ಕಾಮಾಕ್ಷಮ್ಮ ಮೇಷ್ಟ್ರ ಬೆತ್ತದ ಕುರ್ಚಿಯ ಕಡೆ ಕೈ ತೋರಿಸಿದರು. ಕುರ್ಚಿಯ ಕೆಳಗೆ ‘ಘಟ್ಟವಾರ್ತೆ’ಯ ಸಂಚಿಕೆಗಳು ಒಂದರ ಮೇಲೊಂದು ಜೋಡಿಸಿಟ್ಟಿದ್ದವು. ಅಂಚೆಯಲ್ಲಿ ಬಂದ ಸುತ್ತುಕಾಗದವನ್ನೂ ಹರಿದಿರಲಿಲ್ಲ.

“ನಾನು ಓದೋದಿಲ್ಲ ಶೇಷಪ್ಪನೋರೆ. ಓದೋಕೆ ಬರಲ್ಲ ಅಂತಲ್ಲ. ಮದುವೆಯಾಗಿ ಬಂದಾಗಿಂದ ಅವರು ಆ ಕುರ್ಚಿಲಿ ಕೂತು ಓದೋರು, ನಾನಿಲ್ಲಿ ಕೂತು ಕೇಳೋಳು. ಪೇಪರಾಗ್ಲಿ, ಪುಸ್ತಕವಾಗ್ಲಿ, ಅವರೇ ಬರೆದದ್ದಾಗ್ಲಿ. ನಾನು ಕೇಳದೆ ಅವರು ಯಾವುದನ್ನೂ ಪ್ರೆಸ್ಸಿಗೆ ಕಳಿಸಿದೋರಲ್ಲ. ಬರ್ಲಿ, ಬಂದು ಅವರೇ ಓದಿ ಹೇಳ್ಲಿ ಅಂತ ಹಾಗೇ ಇಟ್ಟಿದೀನಿ. ಗುತ್ಯಪ್ಪ ವಾರಕ್ಕೊಂದ್ಸಲ ಬಂದು ವಿಚಾರಿಸ್ಕೊಂಡು ಹೋಗ್ತಾನೆ, ಅವನಿಗೂ ಅದೇ ಹೇಳಿದೀನಿ. ಅವರು ಬರೋವರೆಗೆ ಬಿಚ್ಚೋದಿಲ್ಲ ಅಂತ.”

ಊರಿಗೆಲ್ಲ ತಲುಪಿದ ಸಾಲು, ಯಾರಿಗೆ ಸಂತೋಷವಾಗಲಿ ಎಂದು ಬರೆದಿದ್ದರೋ ಅವರಿಗೊಬ್ಬರಿಗೇ ತಲುಪಿಲ್ಲ.

“ಇವತ್ತೊಂದು ದಿನ ನಾನು ಓದ್ತೀನಿ,” ಎಂದರು. “ನೀವು ಕೇಳಿ.”

ಕಾಮಾಕ್ಷಮ್ಮ ಹತ್ತಿಯ ಬುಟ್ಟಿಯನ್ನು ಮಡಿಲ ಹತ್ತಿರಕ್ಕೆ ಎಳೆದುಕೊಂಡು, “ಕುರ್ಚಿಲಿ ಕೂರ್ಬೇಡಿ. ಆ ಸ್ಟೂಲು ಎಳ್ಕೊಳಿ,” ಎಂದರು.

ಶೇಷಪ್ಪನವರು ಸ್ಟೂಲಿನ ಮೇಲೆ ಕೂತು, ಜೇಬಿನಲ್ಲಿದ್ದ ತಮ್ಮ ಪ್ರತಿಯನ್ನೇ ಬಿಡಿಸಿದರು.

“‘ಇಲ್ಲಿನ ಹಳೆಯ ದಾರಿಗಳು ನೆಲದ ಮೇಲಿಲ್ಲ, ನೆಲದೊಳಗಿವೆ. ನೂರಾರು ವರ್ಷ ಗಾಡಿಯ ಚಕ್ರ, ಕುರಿಮಂದೆಯ ಗೊರಸು, ಹರಿವ ನೀರು ಸವೆಸಿ ಸವೆಸಿ ದಾರಿ ಆಳಕ್ಕೆ ಇಳಿದಿದೆ. ಎರಡು ಕಡೆಯೂ ನಮ್ಮೂರಿನ ಧರೆಯಂತೆ ಮಣ್ಣಿನ ಗೋಡೆ. ಅದರಲ್ಲಿ ಬೇರುಗಳು, ಪಾಚಿ, ಹಕ್ಕಿಗೂಡು. ಮೇಲೆ ಮರಗಳು ಕೈ ಕೈ ಹಿಡಿದು ಚಪ್ಪರವಾಗಿವೆ...’”

ಕಾಮಾಕ್ಷಮ್ಮ ನಕ್ಕುಬಿಟ್ಟರು.

“ಎಫ್ಐಆರ್ ಓದಿದ ಹಾಗೆ ಓದ್ತೀರಲ್ಲ ಮಾರಾಯ್ರೆ! ಹಕ್ಕಿಗೂಡನ್ನ ಅರೆಸ್ಟ್ ಮಾಡೋರ ಹಾಗೆ.”

“ನನಗೆ ಬರೋದೇ ಇಷ್ಟು ಅಮ್ಮ,” ಎಂದು ಶೇಷಪ್ಪನವರೂ ನಕ್ಕರು. ಈ ಮನೆಯಲ್ಲಿ ಅವರು ನಗು ಕೇಳಿದ್ದು ಇದೇ ಮೊದಲು. ಮುಂದೆ ಓದಲು ಭಯವಾಯಿತು. ಆದರೂ ಓದಿದರು.

“‘ದಾರಿ ಕಡಲಿಗೆ ಬಂದು ಮುಗಿಯುತ್ತದೆ. ಇದೇ ಡನ್‌ವಿಚ್ಚು. ಒಂದು ಕಾಲಕ್ಕೆ ದೊಡ್ಡ ಬಂದರು. ದಂಡೆ ಕುಸಿದು ಕುಸಿದು ಬೀದಿಗಳು ಹೋದವು, ಸಂತೆ ಹೋಯಿತು, ಒಂದಾದ ಮೇಲೊಂದು ಇಗರ್ಜಿ ನೀರಿಗೆ ಬಿದ್ದವು. ಗಾಳಿ ಎದ್ದ ದಿನ ಮುಳುಗಿದ ಗಂಟೆಗಳ ಸದ್ದು ಕೇಳುತ್ತದೆಂದು ಇಲ್ಲಿಯವರ ನಂಬಿಕೆ. ಡನ್‌ವಿಚ್ಚಿನ ದಂಡೆಯ ಮೇಲೆ ಕೂತು, ಸೂರ್ಯನು ಕೆಂಪು ತಟ್ಟೆಯಾಗಿ ಕಡಲಿನಲ್ಲಿ ಮುಳುಗುವುದನ್ನು ಕಣ್ತುಂಬ ನೋಡಿದೆ.’”

ಹತ್ತಿ ಹೊಸೆಯುತ್ತಿದ್ದ ಕೈ ನಿಂತಿತು.

“ಇನ್ನೊಂದ್ಸಲ ಓದಿ.”

ಶೇಷಪ್ಪನವರು ಓದಿದರು.

“ಅವರು ಹಾಗೆ ಬರೆಯೋದಿಲ್ಲ.”

“ಅವರೇ ಬರೆದದ್ದಂತೆ. ಈ ಸಾಲು ಬಿಡಬೇಡ, ಕಾಮಾಕ್ಷಿಗೆ ಸಂತೋಷವಾಗುತ್ತೆ ಅಂತ ಪಕ್ಕದಲ್ಲಿ ಬೇರೆ ಬರೆದಿದ್ರಂತೆ. ಮರೆವು ಬಂದಿರಬಹುದಾ ಅಮ್ಮ? ಏನಾದ್ರೂ ಕಾಯಿಲೆ...”

“ಮರೆವಾ?” ಕಾಮಾಕ್ಷಮ್ಮ ತಲೆಯೆತ್ತಿದರು. “ನನ್ನ ಹೆಸರು ಮರೆತಾರು, ಇದನ್ನ ಮರೆಯೋದಿಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಆಗುಂಬೆಗೆ ಕರ್ಕೊಂಡು ಹೋಗಿದ್ರು, ಸೂರ್ಯಾಸ್ತ ತೋರಿಸ್ತೀನಿ ಅಂತ. ನಾನು ಬಾಯಿ ಬಿಟ್ಕೊಂಡು ನೋಡ್ತಿದ್ರೆ ಇವರು ಪಾಠ ಶುರು ಮಾಡಿದ್ರು. ಕಾಮಾಕ್ಷಿ, ನಮ್ಮದು ಮುಳುಗೋ ಕಡಲು. ಇಂಗ್ಲೆಂಡಿನ ಮೂಡಲಲ್ಲಿ ಡನ್‌ವಿಚ್ ಅಂತ ಊರಿದೆ, ಅಲ್ಲಿಯದು ಹುಟ್ಟೋ ಕಡಲು. ಎಂದಾದ್ರೂ ಒಂದು ದಿನ ಅಲ್ಲಿ ಕೂತು ಸೂರ್ಯ ಹುಟ್ಟೋದು ನೋಡಿ, ಬಂದು ನಿನಗೆ ಹೇಳ್ತೀನಿ ಅಂದ್ರು. ಅಷ್ಟಕ್ಕೆ ಇಂಗ್ಲೆಂಡು ಯಾಕೆ, ಮದ್ರಾಸಿಗೆ ಹೋದ್ರೆ ಸಾಲದಾ ಅಂತ ನಾನು ಕೇಳಿದ್ದೆ. ಆ ಮಾತಿಗೆ ಇವತ್ತಿಗೂ ನನ್ನ ಗೇಲಿ ಮಾಡ್ತಾರೆ.”

ಅವರ ಕಣ್ಣು ತುಂಬಿತು.

“ಅವರು ಡನ್‌ವಿಚ್ಚಲ್ಲಿ ಇಲ್ಲ ಶೇಷಪ್ಪನೋರೆ. ಇಂಗ್ಲೆಂಡಿಗೆ ಹೋಗೇ ಇಲ್ಲ. ಮುಳುಗೋ ಕಡಲಿನ ಎದುರಿಗೆ ಕೂತಿದೀನಿ ಅಂತ ನನಗೆ ಹೇಳಿದಾರೆ. ಇಲ್ಲೇ, ಘಟ್ಟದ ಕೆಳಗೆ ಎಲ್ಲೋ ಇದಾರೆ.”

ಶೇಷಪ್ಪನವರಿಗೆ ಈಗ ಎಲ್ಲವೂ ಸರಿಯಾಗಿ ಕೂತಿತು. ಮೇಷ್ಟ್ರ ತಲೆಯ ಮೇಲೆ ನಿಂತು, ಅವರು ಬರೆದದ್ದನ್ನೆಲ್ಲ ಓದಿ ಹೊರಗೆ ಬಿಡುವವನೊಬ್ಬನಿದ್ದಾನೆ. ನೇರವಾಗಿ ಬರೆದರೆ ಹಾಳೆ ಒಲೆಗೆ ಹೋಗುತ್ತಿತ್ತು. ಆದರೆ ಕಾವಲಿಗೆ ಇರುವವನೂ ಈ ಕಡೆಯವನೇ. ಸೂರ್ಯ ಕಡಲಲ್ಲಿ ಮುಳುಗಿದ ಎಂದರೆ ಅವನಿಗೆ ಅದರಲ್ಲಿ ಏನೂ ಕಾಣಿಸುವುದಿಲ್ಲ. ಮೇಷ್ಟ್ರು ಅದನ್ನೇ ನಂಬಿದ್ದರು.

“ಅಮ್ಮ, ನೀವು ಕೇಳಿದ್ದಕ್ಕೆ ಉತ್ತರ ಸಿಕ್ತು,” ಎಂದರು. “ಇದಾರೆ.”

ಕಾಮಾಕ್ಷಮ್ಮನ ಬೆರಳು ಹಣೆಗೆ ಹೋಯಿತು. ಕುಂಕುಮವನ್ನು ಮುಟ್ಟಿ ಹಾಗೆಯೇ ಹಿಡಿದುಕೊಂಡರು. ಸಂತೋಷಕ್ಕೆ ಅತ್ತರು. ಅಳು ನಿಲ್ಲುವ ಮೊದಲೇ ಅವರಿಗೆ ತಮ್ಮ ಮೇಲೆ ಸಿಟ್ಟು ಬಂತು.

“ನಾನೆಂಥ ದಡ್ಡಿ! ಅವರು ಎರಡು ವಾರದಿಂದ ಕರೀತಿದಾರೆ, ನಾನು ಮಡಚಿ ಕುರ್ಚಿ ಕೆಳಗೆ ಇಟ್ಟಿದೀನಿ. ಆಮೇಲಿನದು ಬಿಚ್ಚಿ, ಬೇಗ ಬಿಚ್ಚಿ!”

ಶೇಷಪ್ಪನವರು ತಮ್ಮ ಪ್ರತಿಯನ್ನು ಮೇಷ್ಟ್ರ ಕುರ್ಚಿಯ ಮೇಲೆ ಇಟ್ಟು, ಕೆಳಗಿನ ರಾಶಿಯಿಂದ ಎರಡು ಸಂಚಿಕೆ ಎಳೆದು ಸುತ್ತುಕಾಗದ ಹರಿದರು. ಒಂದರಲ್ಲಿ ಪೂರ್ತಿ ಮೈಲಿಗಲ್ಲುಗಳ ಕತೆ. ಕಣ್ಣಾಡಿಸಿ ಪಕ್ಕಕ್ಕಿಟ್ಟರು. ಇನ್ನೊಂದು ಈ ವಾರದ್ದು, ಇನ್ನೂ ಶೇಷಪ್ಪನವರ ಕಣ್ಣಿಗೆ ಬೀಳದ್ದು. ಅದರ ಕೊನೆಯ ಪ್ಯಾರಾ ಸಣ್ಣದು.

“‘ದಾರಿ ಇಲ್ಲಿಗೆ ಮುಗಿಯಿತು. ಕಿಟಕಿಯ ಎದುರು ನಡುಗಡ್ಡೆ, ಅದರ ಹಿಂದೆ ದಿನವೂ ಸೂರ್ಯ ಇಳಿಯುತ್ತಾನೆ. ಶಿವರಾತ್ರಿಯ ಹೊತ್ತಿಗೆ ನನ್ನನ್ನು ದೋಣಿಯಲ್ಲಿ ಕರೆದೊಯ್ಯುತ್ತಾರಂತೆ. ಆಮೇಲೆ ಬರೆಯಲಾಗುವುದಿಲ್ಲ. ಓದಿದವರಿಗೆ ನಮಸ್ಕಾರ.’”

ಶಿವರಾತ್ರಿ ಬರುವ ವಾರ. ಅದರ ಬೆನ್ನಿಗೇ ಕೋರ್ಟಿನ ವಿಚಾರಣೆ. ಬತ್ತಿಗಳ ಬುಟ್ಟಿ ಇಬ್ಬರ ನಡುವೆಯೇ ಇತ್ತು.

“ದೋಣಿಲಿ ಎಲ್ಲಿಗೆ?” ಎಂದು ಕಾಮಾಕ್ಷಮ್ಮ ಕೇಳಿದರು. ಆ ದೋಣಿ ಮೇಷ್ಟ್ರನ್ನು ವಾಪಸ್ ತರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಓಣಿಯಲ್ಲಿ ಜೀಪಿನ ಹಾರ್ನ್ ಕೇಳಿಸಿತು.

ಕಾಮಾಕ್ಷಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಬಿಚ್ಚಿದ ಎರಡೂ ಸಂಚಿಕೆಗಳನ್ನು ಹತ್ತಿಯ ಬುಟ್ಟಿಯ ಕೆಳಗೆ ತಳ್ಳಿದರು. ಅಷ್ಟರಲ್ಲಿ ಗುತ್ಯಪ್ಪ ಜಗಲಿ ಹತ್ತಿ ಒಳಗೆ ಬಂದೇಬಿಟ್ಟ. ಬಿಳಿ ಪಂಚೆ, ಬಿಳಿ ಅಂಗಿ, ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ. ಬಂದವನೇ ಬಗ್ಗಿ ಕಾಮಾಕ್ಷಮ್ಮನ ಕಾಲು ಮುಟ್ಟಿದ.

“ಹೇಗಿದೀರಿ ಅಮ್ಮ? ಓಹೋ, ಇನ್ಸ್‌ಪೆಕ್ಟ್ರು! ಏನಿಲ್ಲಿ?”

“ಹೀಗೇ ಬಂದಿದ್ದೆ,” ಎಂದರು ಶೇಷಪ್ಪನವರು. “ಮೇಷ್ಟ್ರ ಸುದ್ದಿ ವಿಚಾರಿಸೋಣ ಅಂತ.”

“ಮೇಷ್ಟ್ರಿಗೇನು, ರಾಜನ ಹಾಗಿದಾರೆ! ಆ ದೇಶದ ಹವಾ ಒಗ್ಗಿಬಿಟ್ಟಿದೆ. ವಾಪಸ್ ಬರೋಕೇ ಮನಸ್ಸಿಲ್ಲವಂತೆ.”

ಗುತ್ಯಪ್ಪ ಮೇಷ್ಟ್ರ ಕುರ್ಚಿಯಲ್ಲಿ ಕೂರಲು ಹೋಗಿ, ಅದರ ಮೇಲಿದ್ದ ಪೇಪರನ್ನು ಕೈಗೆತ್ತಿಕೊಂಡ. ಕೂತ. ಕಾಮಾಕ್ಷಮ್ಮ ಬುಟ್ಟಿಯಿಂದ ಹತ್ತಿ ತೆಗೆದು ಹೊಸೆಯತೊಡಗಿದರು. ಶೇಷಪ್ಪನವರ ಕೈ ತಾನಾಗಿ ಕಿವಿಯ ಪೆನ್ಸಿಲ್ಲಿಗೆ ಹೋಗಿ, ಅಲ್ಲಿಂದ ಅದನ್ನು ತೆಗೆದು ಜೇಬಿಗೆ ಸೇರಿಸಿತು. ಬುದ್ಧಿ ಬಂದದ್ದು ತಡವಾಗಿತ್ತು.

“ಆಹಾ, ಮೇಷ್ಟ್ರ ಬರವಣಿಗೆ ಅಂದ್ರೆ ಬರವಣಿಗೆ,” ಎಂದು ಗುತ್ಯಪ್ಪ ರಾಗವಾಗಿ ಓದತೊಡಗಿದ. ಅವನು ಓದುವುದು ಚೆನ್ನಾಗಿತ್ತು. ಮೇಷ್ಟ್ರೇ ಕಲಿಸಿದ್ದಲ್ಲವೇ. ಮುಳುಗಿದ ಬೀದಿಗಳು, ಮುಳುಗಿದ ಗಂಟೆಗಳು ಬಂದವು. “‘...ಸೂರ್ಯನು ಕೆಂಪು ತಟ್ಟೆಯಾಗಿ ಕಡಲಿನಲ್ಲಿ ಮುಳುಗುವುದನ್ನು ಕಣ್ತುಂಬ ನೋಡಿದೆ.’”

ಎಲ್ಲಿಯೂ ತಡವರಿಸದೆ ಆ ಸಾಲನ್ನು ದಾಟಿದ. ಶೇಷಪ್ಪನವರು ಉಸಿರು ಬಿಟ್ಟರು.

ಗುತ್ಯಪ್ಪ ಓದುವುದನ್ನು ನಿಲ್ಲಿಸಿದ. ಹೆಬ್ಬೆರಳಿನಿಂದ ಪೇಪರನ್ನು ಉಜ್ಜಿ ನೋಡಿದ. ಬೆರಳಿಗೆ ಕೆಂಪು ಹತ್ತಿತು.

“ಇನ್ಸ್‌ಪೆಕ್ಟ್ರೇ, ಈ ಗೀಟು ನಿಮ್ಮದಾ? ಕೋರ್ಟಲ್ಲೆಲ್ಲ ನೋಡಿದೀನಿ ನಿಮ್ಮ ಕೆಂಪು ಗೀಟನ್ನ. ಇದ್ರಲ್ಲಿ ತಪ್ಪೇನು ಕಂಡ್ರಿ?”

ಶೇಷಪ್ಪನವರ ಬದಲಿಗೆ ಕಾಮಾಕ್ಷಮ್ಮ ಮಾತಾಡಿದರು. ಕೈ ಬತ್ತಿ ಹೊಸೆಯುತ್ತಲೇ ಇತ್ತು.

“ತಪ್ಪೆಂತದಪ್ಪ. ಕೇಳಿ ಸಂತೋಷ ಆಯ್ತು, ಅದಕ್ಕೆ ನಾನೇ ಗೀಟು ಹಾಕ್ಸಿದ್ದು. ಸೂರ್ಯಾಸ್ತ ಅಂದ್ರೆ ನನಗೆ ಇಷ್ಟ.”

“ಹೌದಾ ಅಮ್ಮ?”

ಗುತ್ಯಪ್ಪ ನಕ್ಕ. ಪೇಪರನ್ನು ಮಡಚಿದ. ಬಗ್ಗಿ ಕುರ್ಚಿಯ ಕೆಳಗೆ ನೋಡಿದ. ಹರಿದ ಸುತ್ತುಕಾಗದ ಎರಡು ಅಲ್ಲೇ ಬಿದ್ದಿದ್ದವು.

“ಮತ್ತೆ ಮೇಷ್ಟ್ರು ಬರೋವರೆಗೆ ಪೇಪರ್ ಬಿಚ್ಚೋದಿಲ್ಲ ಅಂದಿದ್ರಲ್ಲ?”

ಉತ್ತರಕ್ಕೆ ಅವನು ಕಾಯಲಿಲ್ಲ. ಎಂದಿನ ಹಾಗೆ ಕಾಮಾಕ್ಷಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಮಡಚಿದ ಪೇಪರನ್ನು ಕಂಕುಳಲ್ಲಿ ಇಟ್ಟುಕೊಂಡು ಜಗಲಿ ಇಳಿದ. ಓಣಿಯಿಂದ ಅವನ ಧ್ವನಿ ಸ್ಪಷ್ಟವಾಗಿ ಕೇಳಿಸಿತು.

“ಬೆಳ್ಳಪ್ಪಾ, ಸಾಗರಕ್ಕೆ ಬೇಡ. ಗಾಡಿ ತಿರುಗಿಸು. ಘಟ್ಟ ಇಳಿಯೋಣ.”